ಮಂಜಿನ ನಾಡಿನ ಒಂದು ಕ್ರೋನ್ ನೋಟು

ಪ್ರಶ್ನೆ: ನಾನು ಉಡುಪಿ ಕಡೆಯವನು. ಎಂಟು ವರ್ಷ ಕ್ರೂಸ್ ಹಡಗಿನಲ್ಲಿ ದುಡಿದು ಈಗ ಊರು ಸೇರಿದ್ದೇನೆ. ನಮ್ಮ ಹಡಗು ನಾರ್ವೆಯ ಉತ್ತರದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬಿಯೆನ್ ಊರಿಗೆ ಹೋದಾಗ, ಅಲ್ಲಿ ಪರಿಚಯವಾದ ಹಿರಿಯರೊಬ್ಬರು ಕಲ್ಲಿದ್ದಲು ಕಂಪನಿಯ ಹೆಸರಿರುವ ಒಂದು ಕ್ರೋನ್ ನೋಟನ್ನು ಪ್ರೀತಿಯಿಂದ ಕೊಟ್ಟರು. ಎರಡು ಮಡಿಕೆ ಇದೆ, ಒಂದು ಮೂಲೆ ಕಪ್ಪಾಗಿದೆ. ಈಚೆಗೆ ಆನ್‌ಲೈನ್‌ನಲ್ಲಿ 'ಆರ್ಕ್ಟಿಕ್ ಟೆರಿಟರೀಸ್ ಪೋಲಾರ್ ಡಾಲರ್' ಎಂಬ ಬಣ್ಣಬಣ್ಣದ ಪ್ಲಾಸ್ಟಿಕ್ ನೋಟುಗಳ ಸೆಟ್ ಕಂಡೆ. ಇವೆರಡರಲ್ಲಿ ಯಾವುದು ನಿಜವಾದ ಹಣ? ಆ ಪ್ರದೇಶದ ಹಳೆಯ ನೋಟುಗಳನ್ನೇ ಸಂಗ್ರಹಿಸುವ ಆಸೆಯಿದೆ. ಎಲ್ಲಿಂದ ಶುರು ಮಾಡಲಿ? ನಮ್ಮೂರಿನ ಮಳೆಗಾಲದಲ್ಲಿ ಕಾಪಾಡುವುದು ಹೇಗೆ?

ಉತ್ತರ: ನಿಮ್ಮ ಕೈಯಲ್ಲಿರುವ ಮಾಸಿದ ಕಾಗದವೇ ಹಣ. ಆ ಮಿರಮಿರ ಮಿಂಚುವ ಪೋಲಾರ್ ಡಾಲರ್ ಹಣವಲ್ಲ, ಎಂದೂ ಆಗಿರಲಿಲ್ಲ. 'ಆರ್ಕ್ಟಿಕ್ ಟೆರಿಟರೀಸ್' ಎಂಬ ದೇಶವೂ ಇಲ್ಲ, ಆ ಹೆಸರಿನ ಆಡಳಿತವೂ ಇಲ್ಲ. ಸಂಗ್ರಾಹಕರಿಗೆ ಮಾರಲೆಂದೇ 2010ರ ಸುಮಾರಿನಿಂದ ಯಾರೋ ಖಾಸಗಿಯಾಗಿ ಮುದ್ರಿಸಿದ ಚಿತ್ರಪಟಗಳವು. ಹಿಮಕರಡಿ, ಪೆಂಗ್ವಿನ್ ಅಂತ ನೋಡಲು ಚೆಂದ, ಬೇಕಿದ್ದರೆ ಮಕ್ಕಳಿಗೆ ಕೊಡಿಸಿ. ಪೆಂಗ್ವಿನ್ ಇರುವುದು ಭೂಮಿಯ ಇನ್ನೊಂದು ತುದಿಯಲ್ಲಿ ಎಂಬುದನ್ನೂ ಆಗಲೇ ಹೇಳಿಕೊಟ್ಟುಬಿಡಿ.

ಇಂಥ ಗೊಂದಲ ಬಂದಾಗಲೆಲ್ಲ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಯಾರ ಮುಂದೆ ಇಟ್ಟಿದ್ದರೆ, ಅವರು ಬದಲಿಗೆ ಏನು ಕೊಡುತ್ತಿದ್ದರು? ಪೋಲಾರ್ ಡಾಲರ್ ಮಟ್ಟಿಗೆ ಯಾರೂ ಏನೂ ಕೊಡುತ್ತಿರಲಿಲ್ಲ. ನಿಮ್ಮ ಒಂದು ಕ್ರೋನ್ ಮಟ್ಟಿಗೆ ಉತ್ತರ ಸ್ಪಷ್ಟ: ಗಣಿಯವನೊಬ್ಬ ಅದನ್ನು ಕಂಪನಿಯ ಅಂಗಡಿಯಲ್ಲಿ ಇಟ್ಟಿದ್ದರೆ ತಂಬಾಕೋ ಸಾಬೂನೋ ಸಿಗುತ್ತಿತ್ತು, ಊರಿಗೆ ಹೊರಟಾಗ ಕಂಪನಿಯ ಕಚೇರಿಗೆ ಕೊಟ್ಟಿದ್ದರೆ ಅದೇ ಬೆಲೆಯ ನಾರ್ವೆ ಕ್ರೋನ್ ಸಿಗುತ್ತಿತ್ತು. ಈ ಒಂದು ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡರೆ ಆರ್ಕ್ಟಿಕ್ ನೋಟುಗಳ ಸಂತೆಯಲ್ಲಿ ಅರ್ಧ ಕಸ ತಾನಾಗಿ ಬದಿಗೆ ಸರಿಯುತ್ತದೆ.

ಕಲ್ಲಿದ್ದಲು ತೋಡುವ ಕಂಪನಿ ನೋಟು ಯಾಕೆ ಅಚ್ಚು ಹಾಕಿಸಿತು ಎನ್ನುವುದು ಗೊತ್ತಾದರೆ ಮುಂದಿನ ಸಂಗ್ರಹವೆಲ್ಲ ಸುಲಭ. ಅಮೆರಿಕದ ಜಾನ್ ಮನ್ರೋ ಲಾಂಗ್‌ಇಯರ್ ಎಂಬ ಉದ್ಯಮಿ 1906ರಲ್ಲಿ ಅಲ್ಲಿ ಆರ್ಕ್ಟಿಕ್ ಕೋಲ್ ಕಂಪನಿ ಶುರು ಮಾಡಿದ. ಊರಿಗೆ ಅವನದೇ ಹೆಸರು ಬಂತು. 1916ರಲ್ಲಿ ನಾರ್ವೆಯವರು ಅವನ ಗಣಿಗಳನ್ನು ಕೊಂಡು 'ಸ್ತೂರೆ ನೋರ್ಸ್ಕೆ ಸ್ಪಿಟ್ಸ್‌ಬೆರ್ಗೆನ್ ಕುಲ್‌ಕೊಂಪಾನಿ' ಕಟ್ಟಿದರು. ದೊಡ್ಡ ನಾರ್ವೇಜಿಯನ್ ಸ್ಪಿಟ್ಸ್‌ಬೆರ್ಗೆನ್ ಕಲ್ಲಿದ್ದಲು ಕಂಪನಿ ಎಂದು ಅರ್ಥ. ಅಲ್ಲಿನವರು ಸುಮ್ಮನೆ ಸ್ತೂರೆ ನೋರ್ಸ್ಕೆ ಎನ್ನುತ್ತಾರೆ. ಆಗ ಆ ದ್ವೀಪಗಳು ಯಾವ ದೇಶಕ್ಕೂ ಸೇರಿರಲಿಲ್ಲ. ಸರ್ಕಾರವಿಲ್ಲ, ಪೊಲೀಸರಿಲ್ಲ, ಬ್ಯಾಂಕಿಲ್ಲ. 78 ಡಿಗ್ರಿ ಉತ್ತರ ಅಕ್ಷಾಂಶ. ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಸೂರ್ಯ ದಿಗಂತ ದಾಟಿ ಮೇಲೆ ಬರುವುದೇ ಇಲ್ಲ. ಶರತ್ಕಾಲದ ಕೊನೆಯ ಹಡಗು ಹೊರಟರೆ ವಸಂತದಲ್ಲಿ ಮಂಜು ಒಡೆಯುವವರೆಗೆ ಇನ್ನೊಂದು ಬರುತ್ತಿರಲಿಲ್ಲ. ಅಂಥ ಕಡೆ ಕೆಲಸಗಾರರಿಗೆ ಕೈಗಾಸು ಬೇಕಲ್ಲ? ಕಂಪನಿ ತಾನೇ ಅಚ್ಚು ಹಾಕಿಸಿತು. 1916ರಿಂದ 1980ರವರೆಗೆ, ಅಂದರೆ ಅರವತ್ತು ವರ್ಷಕ್ಕೂ ಮೇಲ್ಪಟ್ಟು, ಲಾಂಗ್‌ಇಯರ್‌ಬಿಯೆನ್‌ನಲ್ಲಿ ಓಡಾಡಿದ್ದು ಈ ಕಂಪನಿ ಹಣವೇ.

ದ್ವೀಪಗಳು ನಾರ್ವೆಯ ಪಾಲಾಗಿದ್ದು 1920ರ ಫೆಬ್ರುವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಒಪ್ಪಂದದಿಂದ, ಅದು ಜಾರಿಗೆ ಬಂದಿದ್ದು 1925ರಲ್ಲಿ. ಆ ಒಪ್ಪಂದದಲ್ಲಿ ಬ್ರಿಟಿಷ್ ಆಳ್ವಿಕೆಯ ಇಂಡಿಯಾದ ಪರವಾಗಿಯೂ ಸಹಿ ಬಿದ್ದಿದೆ. ಹಾಗಾಗಿ ಅಲ್ಲಿಗೆ ಹೋಗಿಬರುವ ಹಕ್ಕು ನಮಗೆ ನೂರು ವರ್ಷದಿಂದ ಇದೆ. 2008ರಲ್ಲಿ ಭಾರತ ಆ ದ್ವೀಪಗಳ ನ್ಯೂ-ಓಲೆಸುಂಡ್ ಊರಿನಲ್ಲಿ ಹಿಮಾದ್ರಿ ಸಂಶೋಧನಾ ಕೇಂದ್ರ ತೆರೆಯಿತು. 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕೂಡ ಇತ್ತು. ಆ ನ್ಯೂ-ಓಲೆಸುಂಡ್ ಕೂಡ ಮೊದಲು ಕಲ್ಲಿದ್ದಲಿನ ಊರೇ. 1962ರ ನವೆಂಬರ್‌ನಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಸತ್ತರು. ಅದರ ಬಿಸಿ ಎಷ್ಟಿತ್ತೆಂದರೆ ಮರುವರ್ಷ ಓಸ್ಲೋದಲ್ಲಿ ಸರ್ಕಾರವೇ ಉರುಳಿತು, ಗಣಿ ಮುಚ್ಚಿತು.

ಕಂಪನಿ ಕೊಟ್ಟ ಹಣ ಕಂಪನಿ ಅಂಗಡಿಯಲ್ಲೇ ಖರ್ಚಾಗಬೇಕು ಎಂದ ಕೂಡಲೇ ನಮಗೆ ಅಸ್ಸಾಂ, ಸಿಲ್ಹೆಟ್ ಟೀ ತೋಟಗಳ ಟೋಕನ್ ನೆನಪಾಗುತ್ತದೆ. ಕೂಲಿಯವರನ್ನು ತೋಟದ ಗಡಿಯೊಳಗೇ ಕಟ್ಟಿಹಾಕಿದ ಬಿಲ್ಲೆಗಳವು. ಬ್ರಿಟನ್ ತನ್ನ ಕಾರ್ಮಿಕರಿಗೆ ಹೀಗೆ ಸಾಮಾನು, ಚೀಟಿಗಳಲ್ಲಿ ಕೂಲಿ ಕೊಡುವುದನ್ನು 1831ರಲ್ಲೇ ಕಾನೂನು ತಂದು ತಡೆದಿತ್ತು; ತೋಟಗಳಿಗೆ ಆ ಕರುಣೆ ದಾಟಿ ಬರಲಿಲ್ಲ. ಸ್ತೂರೆ ನೋರ್ಸ್ಕೆ ನೋಟನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಅನ್ನಿಸುತ್ತದೆ ನನಗೆ. ಅದು ನಾರ್ವೆ ಕ್ರೋನ್‌ಗೆ ಒಂದಕ್ಕೊಂದು ಸಮ. ಹೊರಟವರಿಗೆ ಬದಲಿಸಿ ಕೊಡುತ್ತಿದ್ದರು. ಆದರೂ ಇಡೀ ಊರಿಗೆ ಒಬ್ಬನೇ ಯಜಮಾನ, ಅಂಗಡಿಯೂ ಅವನದೇ, ಮನೆಯೂ ಅವನದೇ, ಜೇಬಿನ ನೋಟೂ ಅವನದೇ ಎಂದರೆ ಅದು ಎಂಥ ಬದುಕು ಎಂದು ನೋಟು ಹಿಡಿದಾಗಲೆಲ್ಲ ಅನ್ನಿಸದೆ ಇರದು.

ಇನ್ನು ಸಂಗ್ರಹದ ವಿಷಯ. ಕ್ರೋನ್ ಕೆಳಗಿನ ಚಿಲ್ಲರೆಗೆ ಅಲ್ಲಿ ಓರೆ ಎನ್ನುತ್ತಾರೆ, ನಮ್ಮ ವಾರೆಕೋರೆಯ ಓರೆಯಲ್ಲ. ನೂರು ಓರೆಗೆ ಒಂದು ಕ್ರೋನ್. ಕಂಪನಿ ನಾಣ್ಯದ ಬದಲು ಕಾಗದವನ್ನೇ ಚಿಲ್ಲರೆಯಾಗಿಯೂ ಕೊಟ್ಟಿತು, ಹಾಗಾಗಿ 10 ಓರೆಯಂಥ ಪುಟಾಣಿ ನೋಟುಗಳಿಂದ ಹಿಡಿದು 100 ಕ್ರೋನ್‌ವರೆಗೆ ಸಿಗುತ್ತವೆ. ಬೆಲೆ ಯಾವುದಕ್ಕೆ ಹೆಚ್ಚು ಎಂದು ಕೇಳಿದರೆ ನಾನು ಕ್ಯಾಟಲಾಗ್ ತೆರೆಯುವ ಮೊದಲು ಆ ಗಣಿಯವನನ್ನು ನೆನೆಯುತ್ತೇನೆ. ಊರಿಗೆ ಹೊರಟವನು 100 ಕ್ರೋನ್ ನೋಟನ್ನು ನೆನಪಿಗೆಂದು ಇಟ್ಟುಕೊಳ್ಳುತ್ತಾನೆಯೇ? ಅದನ್ನು ತಪ್ಪದೆ ಬದಲಿಸಿಕೊಳ್ಳುತ್ತಾನೆ. 10 ಓರೆಯನ್ನು, ಒಂದು ಕ್ರೋನನ್ನು ಮಾತ್ರ ಡೈರಿಯ ನಡುವೆ ಇಟ್ಟುಕೊಂಡು ಹೋಗುತ್ತಾನೆ. ಆದ್ದರಿಂದ ಸಣ್ಣ ಮುಖಬೆಲೆಯವು ಇಂದಿಗೂ ಸಾಮಾನ್ಯರ ಕೈಗೆಟುಕುತ್ತವೆ, ದೊಡ್ಡವು ಹರಾಜಿನ ಮನೆಗಳಲ್ಲೇ ಕಾಣುವುದು. ನಿಮ್ಮ ಒಂದು ಕ್ರೋನ್ ಅಪರೂಪದ ನಿಧಿಯೇನಲ್ಲ, ಅದನ್ನು ಮಾರಿ ಮನೆ ಕಟ್ಟಲಾಗದು.

ಕಾಲವೂ ಹೀಗೇ ಜರಡಿ ಹಿಡಿದಿದೆ. ಎರಡನೆಯ ಮಹಾಯುದ್ಧದಲ್ಲಿ, 1941ರ ಬೇಸಿಗೆ ಕೊನೆಯಲ್ಲಿ, ಮಿತ್ರಪಡೆಗಳು ದ್ವೀಪಗಳನ್ನು ಪೂರ್ತಿ ತೆರವು ಮಾಡಿಸಿದವು. ನಾರ್ವೆಯವರನ್ನು ಬ್ರಿಟನ್‌ಗೂ ಸೋವಿಯತ್ ಗಣಿಗಾರರನ್ನು ಅರ್ಖಾಂಗೆಲ್ಸ್ಕ್‌ಗೂ ಸಾಗಿಸಿ, ಜರ್ಮನರಿಗೆ ಸಿಗದಿರಲೆಂದು ಕಲ್ಲಿದ್ದಲಿನ ರಾಶಿಗೆ ಬೆಂಕಿ ಇಟ್ಟರು. 1943ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಟಿರ್ಪಿಟ್ಸ್, ಶಾರ್ನ್‌ಹೋರ್ಸ್ಟ್ ಯುದ್ಧನೌಕೆಗಳು ಬಂದು ಉಳಿದ ಊರನ್ನೂ ಸುಟ್ಟವು. ಮರದ ಮನೆಗಳ ಊರು. ಅಲ್ಲಿ ಉಳಿದ ಕಾಗದದ ಗತಿ ಏನಾಗಿರಬಹುದೆಂದು ನೀವೇ ಊಹಿಸಿ. ಯುದ್ಧಕ್ಕೆ ಮುಂಚಿನ ನೋಟನ್ನು ಯಾರಾದರೂ ಅಗ್ಗಕ್ಕೆ ಚಾಚಿದರೆ ಕೈ ಹಿಂದೆಳೆದುಕೊಳ್ಳಿ.

ಯುದ್ಧದ ನಂತರದ ಸರಣಿಗಳಿಂದ ಶುರು ಮಾಡುವುದೇ ಜಾಣತನ. 1975ರಲ್ಲಿ ಲಾಂಗ್‌ಇಯರ್‌ಬಿಯೆನ್‌ಗೆ ವರ್ಷವಿಡೀ ನಡೆಯುವ ವಿಮಾನ ನಿಲ್ದಾಣ ಬಂತು, 1976ರಲ್ಲಿ ಕಂಪನಿಯ ಬಹುತೇಕ ಷೇರುಗಳು ನಾರ್ವೆ ಸರ್ಕಾರದ ಕೈಗೆ ಬಂದವು. ದ್ವೀಪ ಹೊರಜಗತ್ತಿಗೆ ಹತ್ತಿರವಾದಂತೆಲ್ಲ ಕಂಪನಿ ಹಣಕ್ಕೆ ಕೆಲಸವಿಲ್ಲದಾಯಿತು, 1980ಕ್ಕೆ ನಿಂತೇಹೋಯಿತು. ನೋಟಿನ ಕತೆ ಮುಗಿದ ನಲವತ್ತೈದು ವರ್ಷಕ್ಕೆ, 2025ರಲ್ಲಿ, ಊರಿನ ಕೊನೆಯ ಗಣಿಯಾದ 7ನೇ ಗಣಿಯೂ ಮುಚ್ಚಿತು. ನಿಮಗೆ ನೋಟು ಕೊಟ್ಟ ಹಿರಿಯರು ಅಲ್ಲಿ ದುಡಿದವರೇ ಆಗಿದ್ದರೆ, ಅವರ ನೆನಪು ಆ ನೋಟಿಗಿಂತ ಅಪರೂಪದ್ದು. ಆ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಸ್ವಾಲ್‌ಬಾರ್ಡ್‌ಗೆ ಇನ್ನೊಂದು ಮುಖವಿದೆ, ಸಂಗ್ರಹಕ್ಕೆ ಅದೇ ಹೆಚ್ಚು ರುಚಿ ಎನ್ನುವವರೂ ಇದ್ದಾರೆ. 1920ರ ಒಪ್ಪಂದ ಸಹಿ ಹಾಕಿದ ಎಲ್ಲ ದೇಶಗಳವರಿಗೂ ಅಲ್ಲಿ ಗಣಿ ನಡೆಸುವ ಸಮಾನ ಹಕ್ಕು ಕೊಟ್ಟಿತು. ಅದನ್ನು ಗಟ್ಟಿಯಾಗಿ ಹಿಡಿದವರು ರಷ್ಯನ್ನರು. 1931ರಲ್ಲಿ ಅರ್ಕ್ತಿಕ್‌ಉಗೊಲ್ ಎಂಬ ಸೋವಿಯತ್ ಟ್ರಸ್ಟ್ ಹುಟ್ಟಿತು. ಉಗೊಲ್ ಎಂದರೆ ಕಲ್ಲಿದ್ದಲು. ಡಚ್ಚರಿಂದ ಕೊಂಡ ಬಾರೆಂಟ್ಸ್‌ಬರ್ಗ್, ಸ್ವೀಡನ್ನಿನವರಿಂದ ಬಂದ ಪಿರಮಿಡೆನ್, ಇವೆರಡು ಅದರ ದೊಡ್ಡ ಊರುಗಳು. ನಾರ್ವೆಯ ನೆಲದಲ್ಲಿ ಲೆನಿನ್ ಪ್ರತಿಮೆ, ರಷ್ಯನ್ ಶಾಲೆ, ಅವರದೇ ದನದ ಕೊಟ್ಟಿಗೆ. ಜೊತೆಗೆ ಅವರದೇ ಹಣ. 1946ರಲ್ಲಿ ರೂಬಲ್‌ನ ಚಿಲ್ಲರೆಯಾದ 10, 15, 20, 50 ಕೊಪೆಕ್‌ಗಳ ನಾಣ್ಯಗಳನ್ನು 'ಸ್ಪಿಟ್ಸ್‌ಬೆರ್ಗೆನ್ ದ್ವೀಪ' ಎಂಬ ಬರಹದೊಂದಿಗೆ ಟಂಕಿಸಿದರು, ಆಮೇಲೆ ಕಾಗದದ ಚೀಟಿಗಳೂ ಬಂದವು. ಸಂಬಳದ ದೊಡ್ಡ ಪಾಲು ತಾಯ್ನಾಡಿನ ಖಾತೆಗೆ ಹೋಗುತ್ತಿತ್ತು, ದ್ವೀಪದ ಅಂಗಡಿಯ ಖರ್ಚಿಗೆ ಮಾತ್ರ ಈ ಚೀಟಿ.

ರಷ್ಯನ್ ಚೀಟಿಗಳನ್ನು ನೋಡುವಾಗ ಒಂದು ಇಸವಿ ನೆನಪಿಡಿ: 1961. ಆ ವರ್ಷದ ಜನವರಿ 1ರಂದು ಸೋವಿಯತ್ ಒಕ್ಕೂಟ ಹಳೆಯ ಹತ್ತು ರೂಬಲ್‌ಗೆ ಹೊಸದೊಂದು ರೂಬಲ್ ಎಂದು ಲೆಕ್ಕ ಬದಲಿಸಿತು. ಮಾಸ್ಕೋದ ಆ ಲೆಕ್ಕ ಧ್ರುವದ ಅಂಗಡಿಗೂ ತಲುಪಲೇಬೇಕಿತ್ತು, ಅದಕ್ಕೇ 1961ರ ಇಸವಿ ಹೊತ್ತ ಹೊಸ ಚೀಟಿಗಳು. ಮೊದಲಿನ ಚೀಟಿಯ 10 ರೂಬಲ್ಲೂ ಆಮೇಲಿನ 1 ರೂಬಲ್ಲೂ ಕೊಳ್ಳುವ ಶಕ್ತಿಯಲ್ಲಿ ಒಂದೇ. ಮಾರುವವರು ಇದನ್ನು ಹೇಳುವುದಿಲ್ಲ, ಮುಖಬೆಲೆ ದೊಡ್ಡದಿದ್ದರೆ ನೋಟೂ ದೊಡ್ಡದು ಎಂಬಂತೆ ಮಾತಾಡುತ್ತಾರೆ. ಪಿರಮಿಡೆನ್ 1998ರಲ್ಲಿ ಖಾಲಿಯಾಯಿತು. ಆ ನಂತರ ಮಡಿಕೆಯೇ ಇಲ್ಲದ, ಕಟ್ಟು ಬಿಚ್ಚದ ಸೋವಿಯತ್ ಚೀಟಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟು ಕಾಣುತ್ತವೆ. ಅವು ನಕಲಿ ಎಂದು ನಾನು ಹೇಳುತ್ತಿಲ್ಲ. ಗೋದಾಮಿನಲ್ಲಿ ಉಳಿದವು ಇರಬಹುದು, ಆದರೆ ಯಾರ ಕೈಯನ್ನೂ ದಾಟದ ಹಣ ಅದು. ನನಗಂತೂ ಬಾರೆಂಟ್ಸ್‌ಬರ್ಗ್ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸವೆದ ಮೂರು ಕೊಪೆಕ್ ಚೀಟಿಯೇ ಮೇಲು. ನೋಟಿನ ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಹುಚ್ಚಿನವರು ಇದಕ್ಕೆ ನಗುತ್ತಾರೆ, ನಗಲಿ.

'ಬ್ಯಾಂಕ್ ನೋಟೇ ಬೇಕು, ಕಂಪನಿ ಚೀಟಿ ಸಾಲದು' ಎನ್ನುವವರು ಗ್ರೀನ್‌ಲ್ಯಾಂಡ್ ಕಡೆ ತಿರುಗುತ್ತಾರೆ. ಡೆನ್ಮಾರ್ಕ್ ಸರ್ಕಾರದ ವ್ಯಾಪಾರ ಇಲಾಖೆ ಅಲ್ಲಿಗೆಂದೇ 19ನೇ ಶತಮಾನದ ಆರಂಭದಿಂದ ನೋಟು ಹೊರಡಿಸಿತು. 20ನೇ ಶತಮಾನದ 5 ಕ್ರೋನ್‌ನ ಹಿಮಕರಡಿ, 10 ಕ್ರೋನ್‌ನ ತಿಮಿಂಗಿಲ, 1953ರ 100 ಕ್ರೋನ್‌ನಲ್ಲಿರುವ ಧ್ರುವಯಾತ್ರಿ ಕ್ನುದ್ ರಾಸ್ಮುಸೆನ್‌ನ ಮುಖ, ಇವೆಲ್ಲ ಆರ್ಕ್ಟಿಕ್ ಕಾಗದದ ರಾಜರು. 1967ರಲ್ಲಿ ಅವನ್ನೆಲ್ಲ ಹಿಂತೆಗೆದು ಡೆನ್ಮಾರ್ಕಿನ ನೋಟುಗಳನ್ನೇ ಉಳಿಸಿದರು. ಸೊಗಸೇನೋ ಸೊಗಸು, ಆದರೆ ಮೊದಲ ನೋಟಿಗೇ ಬೆವರು ಬರುವ ಬೆಲೆ. ಅಲಾಸ್ಕಾ ರಷ್ಯದ ಕೈಯಲ್ಲಿದ್ದಾಗ, ಅಂದರೆ 1867ಕ್ಕೆ ಮುಂಚೆ, ರಷ್ಯನ್-ಅಮೆರಿಕನ್ ಕಂಪನಿ ಚರ್ಮದ ಮೇಲೆ ಅಚ್ಚು ಹಾಕಿದ ನೋಟುಗಳದು ಇನ್ನೊಂದು ಕತೆ. ಅದಕ್ಕೆ ಮರುಮುದ್ರಣಗಳ ಕಾಟ ವಿಪರೀತ. ಅತ್ತ ಸುಳಿಯಲೇಬೇಡಿ ಎನ್ನುವುದು ನನ್ನ ಸಲಹೆ. ನಿಮಗೆ ಕಾಲಿಟ್ಟ ನೆಲದ ನೆನಪಿದೆ, ಸ್ವಾಲ್‌ಬಾರ್ಡ್ ಒಂದನ್ನೇ ಹಿಡಿಯಿರಿ. ಒಂದು ದ್ವೀಪ, ಎರಡು ಭಾಷೆ, ಅರವತ್ತು ವರ್ಷ. ಒಬ್ಬ ಮನುಷ್ಯನ ಬಿಡುವಿಗೆ ಅಷ್ಟು ಸಾಕು.

ಹಣವನ್ನು ಕೊಟ್ಟವರು ಯಾರು, ಯಾವಾಗ ಎನ್ನುವುದು ಗೊತ್ತಿದ್ದರೆ ನಕಲಿ ಹಿಡಿಯಲು ಯಂತ್ರ ಬೇಡ. ನಾನು ನೋಡುವ ಕ್ರಮ ಹೇಳುತ್ತೇನೆ. ಮೊದಲು ಹೆಸರು. ನಾರ್ವೇಜಿಯನ್ ಭಾಷೆಯಲ್ಲಿ ಕಲ್ಲಿದ್ದಲಿಗೆ ಇಂದು 'ಕುಲ್' ಎಂದು ಬರೆಯುವಾಗ ಕೊನೆಯಲ್ಲಿ ಎರಡು ಎಲ್ ಹಾಕುತ್ತಾರೆ. ಕಂಪನಿಯ ಹೆಸರು ಹಳೆಯ ಕಾಗುಣಿತದಲ್ಲೇ ಉಳಿದಿದೆ, ಅಲ್ಲಿ ಒಂದೇ ಎಲ್. ಇಂದಿನ ನಿಘಂಟು ನೋಡಿಕೊಂಡು ಅಚ್ಚು ಹಾಕಿದವನು ಇಲ್ಲಿ ಎಡವುತ್ತಾನೆ. ಎರಡನೆಯದು ಊರು. ದ್ವೀಪಸಮೂಹಕ್ಕೆ ಸ್ವಾಲ್‌ಬಾರ್ಡ್ ಎಂಬ ಅಧಿಕೃತ ಹೆಸರು ಬಂದಿದ್ದು 1925ರಲ್ಲಿ, ಅದಕ್ಕೂ ಮುಂಚೆ ಅದು ಸ್ಪಿಟ್ಸ್‌ಬೆರ್ಗೆನ್. ಊರು ಕೂಡ 1926ರವರೆಗೆ ಲಾಂಗ್‌ಇಯರ್ ಸಿಟಿಯೇ. 1917 ಎಂದು ಇಸವಿ ಹಾಕಿಕೊಂಡು ಲಾಂಗ್‌ಇಯರ್‌ಬಿಯೆನ್ ಎಂದೋ ಸ್ವಾಲ್‌ಬಾರ್ಡ್ ಎಂದೋ ಬರೆದುಕೊಂಡ ನೋಟು ಸಿಕ್ಕರೆ, ಅದು ಹುಟ್ಟುವ ಮೊದಲೇ ನಾಮಕರಣವಾದ ಮಗು. ಅರ್ಕ್ತಿಕ್‌ಉಗೊಲ್ ಹೆಸರಿಗೆ 1931ಕ್ಕೆ ಹಿಂದಿನ ಇಸವಿಯಿದ್ದರೂ ಹಾಗೇ.

ಮೂರನೆಯದು ಕಾಗದ. ಬಟ್ಟೆ ಅಂಗಡಿಗಳ ಗಲ್ಲಾದಲ್ಲಿ ನೋಟು ಪರೀಕ್ಷಿಸುವ ನೀಲಿ ಟಾರ್ಚ್ ಇರುತ್ತದಲ್ಲ, ಅದೇ ನೇರಳಾತೀತ ದೀಪ ಸಾಕು. ಕಾಗದವನ್ನು ಹೆಚ್ಚು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದಿದ್ದು 1950ರ ಸುಮಾರಿಗೆ. ಅವಿದ್ದರೆ ಕತ್ತಲೆಯಲ್ಲಿ ಆ ದೀಪದ ಕೆಳಗೆ ಕಾಗದ ನೀಲಿಬಿಳುಪಾಗಿ ಹೊಳೆಯುತ್ತದೆ. 1916ರ ಕಾಗದ ಹಾಗೆ ಹೊಳೆಯಬಾರದು. ಹಲವು ವರ್ಷಗಳ ಹಿಂದೆ ನಾನೇ ಒಬ್ಬ ಆನ್‌ಲೈನ್ ಮಾರಾಟಗಾರನಿಂದ 'ಮೊದಲ ಸರಣಿ' ಎಂದು ನಂಬಿ ಒಂದು ನೋಟು ತರಿಸಿದ್ದೆ. ಮನೆಯಲ್ಲಿ ದೀಪ ಆರಿಸಿ ಟಾರ್ಚ್ ಹಾಕಿದರೆ ಅದು ದೀಪಾವಳಿಯ ಆಕಾಶಬುಟ್ಟಿಯ ಹಾಗೆ ಬೆಳಗಿತು. ಮನೆಯವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಒಂದು ಎಚ್ಚರ: ಹಳೆಯ ಅಸಲಿ ನೋಟನ್ನೂ ಯಾರಾದರೂ ಸಾಬೂನುಪುಡಿಯಲ್ಲಿ ತೊಳೆದಿದ್ದರೆ ಹೊಳೆಯಬಹುದು, ಹೊಳೆಯದಿರುವುದೊಂದೇ ಅಸಲಿತನಕ್ಕೆ ಸಾಕ್ಷಿಯೂ ಅಲ್ಲ. ನಿಮ್ಮ ನೋಟು ಯುದ್ಧಾನಂತರದ್ದಾದರೆ ಈ ಪರೀಕ್ಷೆ ಅಷ್ಟೇನೂ ಹೇಳುವುದಿಲ್ಲ.

ನಾಲ್ಕನೆಯದಕ್ಕೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಅಸಲಿ ಅಚ್ಚಿನಲ್ಲಿ ಗೆರೆ ಗೆರೆಯಾಗಿಯೇ ಕಾಣುತ್ತದೆ, ಮನೆಯ ಪ್ರಿಂಟರ್‌ನದು ಸಣ್ಣ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಕ್ರಮಸಂಖ್ಯೆಯನ್ನು ನಂಬರ್ ಹಾಕುವ ಯಂತ್ರದಿಂದ ಒತ್ತಿದ್ದರೆ ಹಿಂಬದಿಯಲ್ಲಿ ಬೆರಳಿಗೆ ಸಣ್ಣ ಉಬ್ಬು ಸಿಗಬಹುದು. ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ನೋಟುಗಳಿಗೆ ಪಿಕ್ ಸಂಖ್ಯೆ ಎಂದು ಕೊಡುತ್ತಾರೆ, ಜರ್ಮನಿಯ ಆಲ್ಬರ್ಟ್ ಪಿಕ್ ಹಾಕಿಕೊಟ್ಟ ದಾರಿ ಅದು. ಕಂಪನಿ ಚೀಟಿಗಳು ಅದರ ಮುಖ್ಯ ಸಾಲಿನಲ್ಲಿ ಸಿಗದಿದ್ದರೆ ಗಾಬರಿ ಬೇಡ. ಪಿಕ್ ಸಂಖ್ಯೆಯಿಲ್ಲ ಎಂದ ಮಾತ್ರಕ್ಕೆ ಅದು ನಕಲಿಯಾಗುವುದಿಲ್ಲ, ಅಪರೂಪದ್ದೂ ಆಗುವುದಿಲ್ಲ. ನಾರ್ವೆಯ ನಾಣ್ಯಪಟ್ಟಿಗಳೂ ಲಾಂಗ್‌ಇಯರ್‌ಬಿಯೆನ್‌ನ ಸ್ವಾಲ್‌ಬಾರ್ಡ್ ಮ್ಯೂಸಿಯಂ ಕೂಡ ಇಂಥದ್ದಕ್ಕೆ ಒಳ್ಳೆಯ ದಿಕ್ಕು.

ಕೊಳ್ಳುವಾಗ ಒಂದು ಮಾತಿಗೆ ಕಿವಿ ಚುರುಕಾಗಿರಲಿ: 'ಇದು ಪಾಳುಬಿದ್ದ ಗಣಿ ಗುಡಿಸಲಲ್ಲಿ ಸಿಕ್ಕಿದ್ದು.' ರೋಮಾಂಚಕ ಕತೆಯೇ, ಆದರೆ ಸ್ವಾಲ್‌ಬಾರ್ಡ್‌ನಲ್ಲಿ 1945ರವರೆಗಿನ ಮನುಷ್ಯರ ಯಾವ ಕುರುಹನ್ನೂ ಕಾನೂನು ತಾನಾಗಿ ರಕ್ಷಿತ ಪರಂಪರೆ ಎಂದು ಪರಿಗಣಿಸುತ್ತದೆ. ತುಕ್ಕು ಹಿಡಿದ ಮೊಳೆಯನ್ನೂ ಎತ್ತುವಂತಿಲ್ಲ. ಕತೆ ನಿಜವಾದರೆ ಅದು ಕಳ್ಳಮಾಲು, ಸುಳ್ಳಾದರೆ ಮಾರುವವನು ಸುಳ್ಳುಗಾರ. ಎರಡೂ ಸಂದರ್ಭದಲ್ಲಿ ನಿಮ್ಮ ದುಡ್ಡು ಜೇಬಿನಲ್ಲೇ ಇರಲಿ. ಗಣಿ ಕುಟುಂಬದವರ ಆಲ್ಬಂನಿಂದ ಬಂದದ್ದು, ಹಳೆಯ ಕಾಗದ ಪತ್ರದ ಜೊತೆ ಬಂದದ್ದು ಸ್ವಲ್ಪ ದುಬಾರಿಯಾದರೂ ಒಳ್ಳೆಯದು. ನಮ್ಮ ಕಾನೂನಿನ ಬಗ್ಗೆ ಭಯ ಬೇಡ. ವಿದೇಶಿ ನಾಣ್ಯಗಳನ್ನು ಮಿತಿಯಿಲ್ಲದೆ, ನೋಟುಗಳನ್ನು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಲು ಇಲ್ಲಿನ ನಿವಾಸಿಗೆ ಅವಕಾಶವಿದೆ. ನಿಮ್ಮದಂತೂ ಚಲಾವಣೆಯೇ ಸತ್ತ ಹಣ.

ಇನ್ನು ಉಡುಪಿಯ ಮಳೆ. ನೋಟಿಗೆ ಧ್ರುವದ ಚಳಿಗಿಂತ ಕರಾವಳಿಯ ಜೂನ್ ಭಯಂಕರ. ಅದು ಹುಟ್ಟಿದ್ದು ತುಂಬ ಒಣಹವೆಯ ನಾಡಿನಲ್ಲಿ, ನಿಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ನಮ್ಮಲ್ಲಿ ಪ್ರೀತಿ ಹೆಚ್ಚಾದ ಕಾಗದಕ್ಕೆಲ್ಲ ಜನ ಮಾಡುವ ಮೊದಲ ಅನ್ಯಾಯ ಅದು. ಸೆಲ್ಲೋಟೇಪ್ ಬೇಡ, ಮಡಿಕೆ ಬಿಡಿಸಲು ಇಸ್ತ್ರಿ ಬೇಡ. ಸ್ಟೇಷನರಿ ಅಂಗಡಿಯ ಮೆತ್ತನೆಯ, ಒಂದು ಥರ ವಾಸನೆ ಬರುವ ಪ್ಲಾಸ್ಟಿಕ್ ಕವರ್ ಪಿವಿಸಿಯದು, ವರ್ಷಗಳ ಮೇಲೆ ಅಂಟಂಟಾಗಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಗಟ್ಟಿಯಾದ, ವಾಸನೆಯಿಲ್ಲದ ಪಾಲಿಯೆಸ್ಟರ್ ಕವರ್ ತರಿಸಿಕೊಳ್ಳಿ, ಮೈಲಾರ್ ಎಂದು ಕೇಳಿದರೆ ಸಿಗುತ್ತದೆ. ಅಜ್ಜಿಯರು ತಾಳೆಗರಿ ಪೆಟ್ಟಿಗೆಯಲ್ಲಿ ಬಜೆ ಬೇರು, ಬೇವಿನೆಲೆ ಇಡುತ್ತಿದ್ದರು. ತಾಳೆಗರಿಗೆ ಸರಿ, ನೋಟಿನ ಪಕ್ಕ ಇಟ್ಟರೆ ಕಲೆ ಬೀಳುತ್ತದೆ. ನುಸಿಗುಳಿಗೆಯೂ ಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬಿಸಿಮಾಡಿ ಮತ್ತೆ ಬಳಸಿ. ಕಬ್ಬಿಣದ ಕಪಾಟಿನ ಒಳಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಡಬ್ಬಿಯನ್ನು ಗೋಡೆಗೆ ತಾಗದಂತೆ ಮರದ ತುಂಡಿನ ಮೇಲಿಡಿ. ಬಿಸಿಲು ಬಂತೆಂದು ಅಂಗಳದಲ್ಲಿ ಹಪ್ಪಳದ ಜೊತೆ ಒಣಗಿಸಲು ಹೋಗಬೇಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ನೋಡಿದ್ದೇನೆ.

ಮಡಿಕೆಯಿದ್ದರೆ ಬೆಲೆ ಇಳಿಯುತ್ತದೆ ಎಂಬುದು ನಿಜ. ಆದರೆ ಇಡೀ ಸಂಗ್ರಹವನ್ನು ಮಡಿಕೆಯಿಲ್ಲದ ನೋಟುಗಳಿಂದಲೇ ಕಟ್ಟಬೇಕೆಂಬ ಹಠಕ್ಕೆ ಬೀಳಬೇಡಿ. ನಮ್ಮವರಲ್ಲೇ ಒಂದು ಉದಾಹರಣೆ: ಹೈದರಾಬಾದ್ ನಿಜಾಮ ಸರ್ಕಾರದ ಉಸ್ಮಾನಿಯ ನೋಟುಗಳ ಮೇಲೆ ಕನ್ನಡದಲ್ಲೂ ಬೆಲೆ ಬರೆದಿತ್ತು, ಕಲಬುರಗಿ, ರಾಯಚೂರು, ಬೀದರ್ ಅದರ ಸೀಮೆಯೊಳಗಿದ್ದವು. ಸಂತೆಯಲ್ಲಿ ಓಡಾಡಿ ನಾಲ್ಕು ಮಡಿಕೆಯಾದ ಅಂಥ ನೋಟು ಹಿಡಿದಾಗ ಆ ಕನ್ನಡ ಅಕ್ಷರವನ್ನು ಯಾರೋ ಓದಿದ್ದರೆಂಬುದು ಗೊತ್ತಾಗುತ್ತದೆ. ಕಟ್ಟು ಬಿಚ್ಚದ ಹೊಸ ನೋಟು ಆ ಮಾತು ಹೇಳುವುದಿಲ್ಲ.

ನಿಮ್ಮ ನೋಟಿನ ಕಪ್ಪು ಮೂಲೆಗೆ ಬರೋಣ. ರಬ್ಬರ್ ಹಾಕಿ ಉಜ್ಜಬೇಡಿ, ಒದ್ದೆ ಹತ್ತಿಯಿಂದ ಒರೆಸಬೇಡಿ. ಎಣ್ಣೆಯ ಕಲೆಯೋ, ಮಸಿಯೋ, ಕಲ್ಲಿದ್ದಲಿನ ಧೂಳೋ ಎಂದು ಇಲ್ಲಿಂದ ನಾನು ಹೇಳಲಾರೆ. ಆದರೆ ಆ ಊರಿನಲ್ಲಿ ಇಂದಿಗೂ ಎಷ್ಟೋ ಕಡೆ ಒಳಗೆ ಹೋಗುವ ಮುನ್ನ ಬೂಟು ಕಳಚುತ್ತಾರೆಂಬುದನ್ನು ನೀವೇ ಕಂಡಿರುತ್ತೀರಿ. ಗಣಿಯ ಕಪ್ಪು ಮನೆಯೊಳಗೆ ಬಾರದಿರಲೆಂದು ಬಂದ ರೂಢಿ ಅದು. ಅಂಥ ಊರಿನ ನೋಟಿನ ಮೂಲೆ ಕಪ್ಪಾಗಿದ್ದರೆ ಅದು ನೋಟಿನದೇ ಒಂದು ಭಾಗ ಎಂದುಕೊಳ್ಳಿ.

ಆ ಹಿರಿಯರ ವಿಳಾಸವೋ ಫೋನ್ ನಂಬರೋ ನಿಮ್ಮ ಹತ್ತಿರ ಇದ್ದರೆ ಈ ವಾರವೇ ಮಾತಾಡಿ. ಅವರು ಯಾವ ಗಣಿಯಲ್ಲಿದ್ದರು, ಎಷ್ಟು ಚಳಿಗಾಲ ಕಳೆದರು, ಆ ಒಂದು ಕ್ರೋನ್‌ಗೆ ಅಂಗಡಿಯಲ್ಲಿ ಏನು ಬರುತ್ತಿತ್ತು ಎಂದು ಕೇಳಿ. ಹೇಳಿದ್ದನ್ನು ಒಂದು ಬಿಡಿ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು, ನೋಟು ನಿಮ್ಮ ಕೈಸೇರಿದ ದಿನಾಂಕ ಹಾಕಿ, ನೋಟಿಗೆ ತಾಗದಂತೆ ಬೇರೆ ಕವರಿನಲ್ಲಿ ಅದೇ ಡಬ್ಬಿಯಲ್ಲಿಡಿ. ಕನ್ನಡದಲ್ಲೇ ಬರೆಯಿರಿ.